ಅಗೆದು ಮುಗಿಸಿದ ಜ್ವಾಲಾಮುಖಿ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ವ್ಯಾಪ್ತಿಯಲ್ಲಿ ಐವತ್ತಕ್ಕೂ ಹೆಚ್ಚು ಪುಟ್ಟ ಜ್ವಾಲಾಮುಖಿಗಳಿವೆ. ಅವುಗಳಲ್ಲೊಂದು ತ್ರೀ ಕಿಂಗ್ಸ್. ಅಲ್ಲಿನ ಮೂಲನಿವಾಸಿ ಮಾವೊರಿ ಜನ ಅದನ್ನು ತೆ ತಾತುವಾ ಅ ರಿಯುಕಿಯುತಾ ಎನ್ನುತ್ತಾರೆ. ಹಲವು ಶಿಖರಗಳಿದ್ದ ಈ ಗುಂಪಿನಲ್ಲಿ ಇಂದು ನಿಂತಿರುವುದು ಬಿಗ್ ಕಿಂಗ್ ಒಂದೇ. ಸಮುದ್ರಮಟ್ಟದಿಂದ 133 ಮೀಟರ್ ಎತ್ತರ. ಉಳಿದವು ಕಲ್ಲುಗಣಿಯ ಅಗೆತಕ್ಕೆ ಸಿಕ್ಕಿ ರಸ್ತೆಯಾದವು, ಕಟ್ಟಡಗಳ ಇಟ್ಟಿಗೆಯಾದವು.

ಸುಮಾರು 28,500 ವರ್ಷಗಳ ಹಿಂದೆ ಮೇಲೇರಿದ ಶಿಲಾರಸ ಮೊದಲು ಅಂತರ್ಜಲಕ್ಕೆ ತಾಗಿತು. ನೀರು ಒಮ್ಮೆಲೇ ಹಬೆಯಾಗಿ ಸಿಡಿದು ಅಗಲವಾದ ಕುಳಿ ಬಿತ್ತು. ನೀರು ತೀರಿದ ಮೇಲೆ, ಕುಲುಕಿದ ಸೋಡಾ ಬಾಟಲಿಯಂತೆ, ಅನಿಲ ತುಂಬಿದ ಲಾವಾ ಕಾರಂಜಿಯಾಗಿ ಚಿಮ್ಮಿತು. ಗಾಳಿಯಲ್ಲೇ ಗಟ್ಟಿಯಾದ ತುಣುಕುಗಳು ಕುಳಿಯೊಳಗೆ ರಾಶಿಬಿದ್ದು ಶಂಕುಗಳಾದವು. ತೂತುತೂತಾದ ಈ ಕಲ್ಲೇ ಸ್ಕೋರಿಯಾ.

ಬೆಟ್ಟಕ್ಕೆ ಮೃತ್ಯುವಾದದ್ದೂ ಇದೇ ಕಲ್ಲು. ಹಗುರ, ಸಡಿಲ, ನೀರು ನಿಲ್ಲದು, ಸಿಡಿಮದ್ದಿನ ಅಗತ್ಯವೂ ಅಷ್ಟಿಲ್ಲ. ಮೇಲಾಗಿ ಬೆಳೆಯುತ್ತಿದ್ದ ನಗರದ ನಡುವೆಯೇ ಸಿಗುತ್ತಿತ್ತು. ಸಾಗಣೆಯ ಖರ್ಚು ಉಳಿಯಿತು. ಇಷ್ಟು ಅನುಕೂಲವಾದ ಗುಡ್ಡವನ್ನು ಯಾವ ಗುತ್ತಿಗೆದಾರ ತಾನೆ ಬಿಟ್ಟಾನು! ಇಳಿಜಾರುಗಳಲ್ಲಿ ಮಾವೊರಿಗಳು ಕಡಿದಿದ್ದ ವಾಸದ ಮೆಟ್ಟಿಲುನೆಲೆಗಳೂ ಗೆಣಸಿನ ಕಣಜಗುಂಡಿಗಳೂ ಕಲ್ಲಿನ ಜೊತೆಯಲ್ಲೇ ಹೋದವು.

ವಿಜಯಪುರ, ಕಲಬುರಗಿಯ ಕಪ್ಪುಶಿಲೆಯೂ ಇಲ್ಲಿಯಂತೆಯೇ ಲಾವಾ ತಣಿದು ಗಟ್ಟಿಯಾದ ಬೆಸಾಲ್ಟೇ. ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಉದ್ದುದ್ದ ಬಿರುಕುಗಳಿಂದ ಹೊರಬಿದ್ದು ಪದರಪದರವಾಗಿ ಹಾಸಿಕೊಂಡದ್ದು. ಹಾಗಾಗಿ ನಮ್ಮವರಿಗೆ ಲಾವಾ ಗೊತ್ತು, ಅದನ್ನು ಉಗುಳುವ ಶಂಕು ಕಣ್ಣಿಗೆ ಪರಿಚಯವಿಲ್ಲ.

ಭೂವಿಜ್ಞಾನಿಗಳಾದ ನಮ್ಮ ಇಬ್ಬಂದಿತನವನ್ನೂ ಹೇಳಬೇಕು. ಗಣಿ ಸೀಳಿದ ಗೋಡೆಯಷ್ಟು ಚೆನ್ನಾಗಿ ಜ್ವಾಲಾಮುಖಿಯ ಒಡಲನ್ನು ಇನ್ನಾವುದೂ ತೋರಿಸದು. ಓರೆಯಾಗಿ ಕುಳಿತ ಪದರಗಳು ಬೂದಿ ಯಾವ ಕಡೆಯಿಂದ ಉದುರಿತೆಂದು ಹೇಳುತ್ತವೆ. ಕೆಂಪು ಸ್ಕೋರಿಯಾ ಬಾಯಿಯ ಹತ್ತಿರ ಬಿಸಿಯಲ್ಲೇ ಉಳಿದು ಕಬ್ಬಿಣ ತುಕ್ಕು ಹಿಡಿದದ್ದು, ಕಪ್ಪು ಬೇಗ ತಣಿದದ್ದು. ನಾವು ಟಿಪ್ಪಣಿ ಬರೆದುಕೊಂಡ ಗೋಡೆ ಮುಂದೆ ಲಾರಿ ಏರುತ್ತದೆ. ಆದ್ದರಿಂದ ಗಣಿಯನ್ನು ಬರೀ ಖಳನಾಯಕನೆಂದು ಬೈಯಲು ನನಗೆ ನಾಲಿಗೆ ಏಳುವುದಿಲ್ಲ.

ಆದರೂ ಶಿಖರಗಳನ್ನಷ್ಟೇ ಲೆಕ್ಕ ಹಾಕಿದರೆ ಅರ್ಧ ಜ್ವಾಲಾಮುಖಿ ಬಿಟ್ಟುಹೋಗುತ್ತದೆ. ಇಲ್ಲಿಂದ ಉಕ್ಕಿದ ಲಾವಾ ಕಣಿವೆ ಹಿಡಿದು ಸುಮಾರು ಹತ್ತು ಕಿಲೋಮೀಟರ್ ಹರಿಯಿತು. ಆಗ ಹಿಮಯುಗ, ಕಡಲು ತಗ್ಗಿತ್ತು. ನೀರು ಏರಿದ ಮೇಲೆ ಆ ಹರಿವಿನ ತುದಿ ವೈತೆಮಾತಾ ಬಂದರಿನೊಳಕ್ಕೆ ಚಾಚಿದ ಮಿಯೋಲಾ ಬಂಡೆಸಾಲಾಯಿತು. ತಣಿಯುವಾಗ ಬಿರಿದ ಈ ಬೆಸಾಲ್ಟಿನ ಸಂದುಗಳಲ್ಲಿ ಮಳೆನೀರು ಇಳಿದು, ನೆಲದಡಿಯಲ್ಲೇ ಸಾಗಿ, ವೆಸ್ಟರ್ನ್ ಸ್ಪ್ರಿಂಗ್ಸ್‌ನಲ್ಲಿ ಒರತೆಯಾಗಿ ಹೊರಬರುತ್ತದೆ. 1877ರಿಂದ ಆಕ್ಲೆಂಡಿಗೆ ನೀರು ಪಂಪ್ ಮಾಡಿದ್ದು ಅಲ್ಲಿಂದಲೇ. ಗಣಿಯ ತಳ ಜಲಮಟ್ಟಕ್ಕಿಂತ ಕೆಳಗಿಳಿದಾಗ ಅಗೆತ ಮುಂದುವರಿಸಲು ಇದೇ ನೀರನ್ನು ಎತ್ತಿ ಹಾಕಬೇಕಾಯಿತು.

ಈಗ ಗಣಿಯ ಜಾಗದಲ್ಲಿ ಮನೆಗಳು ಏಳುತ್ತಿವೆ. ಕುಳಿ ಖಾಲಿ ಇರಲೆಂದು ಹಟ ಹಿಡಿಯುವುದು ಬೇಡ. ಜನರಿಗೆ ಮನೆ ಬೇಕು. ನಾನು ಕೇಳುವ ಪ್ರಶ್ನೆಗಳು ಬೇರೆ. ಕುಳಿ ತುಂಬುವ ಮಣ್ಣು ಎಲ್ಲಿಂದ ಬಂತು, ಅದರಲ್ಲಿ ಏನು ಬೆರೆತಿದೆ? ಸುತ್ತಲಿನ ಚಾವಣಿ, ರಸ್ತೆಗಳ ಮಳೆನೀರು ಬಿರುಕುಗಳಿಗೆ ಇಳಿಯುವ ಮೊದಲು ಎಲ್ಲಿ ಸೋಸಿಕೊಳ್ಳುತ್ತದೆ? ಪದರಗಳು ಕಾಣುವ ಒಂದು ಗೋಡೆಯನ್ನಾದರೂ ಮುಚ್ಚದೆ ಬಿಡುತ್ತಾರೆಯೇ?