ಚುಚ್ಚಿದ್ದು ಬೆನ್ನಿಗೆ, ಏರಿದ್ದು ಶುಗರ್

ಸಯಾಟಿಕಾ ನೋವು ಸೊಂಟದಿಂದ ಹಿಮ್ಮಡಿವರೆಗೆ ಜಗ್ಗುತ್ತದೆ. ಮಾತ್ರೆ, ಫಿಸಿಯೋಥೆರಪಿ ಎರಡಕ್ಕೂ ಬಗ್ಗದಿದ್ದಾಗ ಡಾಕ್ಟರು ಎಪಿಡ್ಯೂರಲ್ ಸ್ಟೀರಾಯ್ಡ್ ಇಂಜೆಕ್ಷನ್ ಮಾತೆತ್ತುತ್ತಾರೆ. 'ನರದ ಪಕ್ಕಕ್ಕಷ್ಟೇ ಬಿಡೋದು, ಮೈಗೆಲ್ಲ ಹೋಗಲ್ಲ' ಅಂತ ಯಾರಾದರೂ ಧೈರ್ಯ ಹೇಳುವುದೂ ಉಂಟು. ಅದು ಅರ್ಧ ಸತ್ಯ. ಬೆನ್ನುಹುರಿಯ ಪೊರೆಯ ಹೊರಗಿನ ಆ ಜಾಗದಲ್ಲಿ ಕೊಬ್ಬಿನ ಜೊತೆ ರಕ್ತನಾಳಗಳ ಜಾಲವೂ ಇದೆ. ಬಿಟ್ಟ ಔಷಧ ರಕ್ತ ಸೇರಿಯೇ ಸೇರುತ್ತದೆ.

ಎಷ್ಟು ದಿನ ಇರುತ್ತದೆ? ಬಾಟಲಿ ನೋಡಿದರೇ ಸುಳಿವು ಸಿಗುತ್ತದೆ. ಈ ಇಂಜೆಕ್ಷನ್ನಿಗೆ ಬಳಸುವ ಸ್ಟೀರಾಯ್ಡ್‌ಗಳಲ್ಲೊಂದಾದ ಮೀಥೈಲ್‌ಪ್ರೆಡ್ನಿಸೊಲೋನ್ ಅಸಿಟೇಟ್ ಹಾಲಿನಂತೆ ಬೆಳ್ಳಗಿರುತ್ತದೆ. ಆ ಬಿಳುಪೆಲ್ಲ ಕರಗದ ಕಣಗಳು. ಅಲುಗಾಡಿಸಿಯೇ ಸಿರಿಂಜಿಗೆ ಎಳೆಯಬೇಕು. ಒಳಗೆ ಹೋದ ಮೇಲೂ ಅವು ನಿಧಾನಕ್ಕೇ ಕರಗುತ್ತವೆ. ಇನ್ನೊಂದು ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಹಾಗಲ್ಲ, ತಿಳಿಯಾಗಿರುತ್ತದೆ, ಬೇಗ ಖಾಲಿಯಾಗುತ್ತದೆ.

ಪ್ರಮಾಣವೂ ಕಮ್ಮಿಯೇನಲ್ಲ. ಕಿಡ್ನಿಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ದಿನಕ್ಕೆ ತಯಾರಿಸುವ ಕಾರ್ಟಿಸಾಲ್, ಅಂದರೆ ದೇಹದ ಸ್ವಂತ ಸ್ಟೀರಾಯ್ಡ್, ಸುಮಾರು 10ರಿಂದ 20 ಮಿಲಿಗ್ರಾಂ. ಒಂದು ಇಂಜೆಕ್ಷನ್ನಿನಲ್ಲಿ ಇರಬಹುದಾದ 80 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಬಲದಲ್ಲಿ 400 ಮಿಲಿಗ್ರಾಂ ಕಾರ್ಟಿಸಾಲಿಗೆ ಸಮ! ರಕ್ತದಲ್ಲಿ ಇಷ್ಟಿರುವಾಗ ಅಡ್ರಿನಲ್‌ಗೆ ಆದೇಶ ಕೊಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸುಮ್ಮನಾಗುತ್ತದೆ. ಅದರ ಆದೇಶವಿಲ್ಲದೆ ಅಡ್ರಿನಲ್ ಕೂಡ ಕೆಲಸ ತಗ್ಗಿಸುತ್ತದೆ. ಒಂದರಿಂದ ಮೂರು ವಾರ, ಕೆಲವರಲ್ಲಿ ಇನ್ನೂ ಜಾಸ್ತಿ. ಹೆಚ್ಚಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಆ ಅವಧಿಯಲ್ಲಿ ಆಪರೇಷನ್ನೋ ಜೋರು ಸೋಂಕೋ ಬಂದರೆ ದೇಹಕ್ಕೆ ಬೇಕಾದಷ್ಟು ಕಾರ್ಟಿಸಾಲ್ ಸಿಗದೆ ಬಿಪಿ ಇಳಿಯಬಹುದು. ಹಾಗಾಗಿ ಇಂಜೆಕ್ಷನ್ ತಗೊಂಡ ವಿಷಯ ಅಲ್ಲಿನ ಡಾಕ್ಟರಿಗೆ ಹೇಳಲೇಬೇಕು.

ಡಯಾಬಿಟಿಸ್ ಇದ್ದವರಿಗೆ ಗ್ಲುಕೋಮೀಟರೇ ಮೊದಲು ಸುದ್ದಿ ಕೊಡುತ್ತದೆ. ಸ್ಟೀರಾಯ್ಡ್ ಬಂದಾಗ ಲಿವರ್ ಜಾಸ್ತಿ ಸಕ್ಕರೆ ಬಿಡುತ್ತದೆ, ಸ್ನಾಯುಗಳು ಇನ್ಸುಲಿನ್ ಮಾತು ಕೇಳುವುದಿಲ್ಲ. ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ಏರಿದ ಶುಗರ್ ಕೆಲವು ದಿನಗಳಲ್ಲಿ ಇಳಿಯುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂದು ಇಂಜೆಕ್ಷನ್ನಿಗೆ ಅಷ್ಟಾಗಿ ಅಲುಗುವುದಿಲ್ಲ. ಒಂದು ವಾರ ದಿನಾ ಚೆಕ್ ಮಾಡಿಕೊಂಡರೆ ಒಳ್ಳೆಯದು. ಇನ್ಸುಲಿನ್ ಎಷ್ಟು ಹೆಚ್ಚಿಸಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ನೀವೇ ಅಂದಾಜು ಹಾಕಬೇಡಿ.

ಮುಖ ಕೆಂಪಾಗುವುದು, ಒಂದೆರಡು ರಾತ್ರಿ ನಿದ್ದೆ ಬಾರದಿರುವುದು, ಮುಟ್ಟು ಏರುಪೇರಾಗುವುದು, ಇವೂ ಇದೇ ಔಷಧದ ಆಟ.

ನನಗೆ ಹೆಚ್ಚು ಚಿಂತೆ ಹುಳುಕಡ್ಡಿಯದು. ಬೆನ್ನಿಗೂ ಹುಳುಕಡ್ಡಿಗೂ ಏನು ಸಂಬಂಧ ಅಲ್ವಾ? ಅದಕ್ಕೆ ಕೊಡುವ ಇಟ್ರಾಕೊನಜೋಲ್ ಮಾತ್ರೆ, ಸ್ಟೀರಾಯ್ಡ್ ಒಡೆಯುವ ಲಿವರಿನ ಕಿಣ್ವವನ್ನೇ ತಡೆಯುತ್ತದೆ. ಎಚ್‌ಐವಿಗೆ ಕೊಡುವ ರಿಟೊನಾವಿರ್ ಕೂಡ ಅಷ್ಟೇ. ಆಗ ಒಂದೇ ಇಂಜೆಕ್ಷನ್ನಿಗೆ ಮುಖ ಊದಿ ಕುಶಿಂಗ್ ಲಕ್ಷಣ, ಅಂದರೆ ಮೈಯಲ್ಲಿ ಸ್ಟೀರಾಯ್ಡ್ ಅತಿಯಾದ ಲಕ್ಷಣ, ಕಾಣಿಸಿಕೊಂಡವರಿದ್ದಾರೆ. ಚರ್ಮದ ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ಬೆನ್ನಿನ ಡಾಕ್ಟರಿಗೆ ತೋರಿಸಿ.