ಇಲ್ಲ, ಲಿಯೊನಾರ್ಡೊ ರಾಜನ ತೋಳಲ್ಲಿ ಸಾಯಲಿಲ್ಲ

ಪ್ರಶ್ನೆ: ಫ್ರಾನ್ಸಿನ ಅಂಬ್ವಾಜ್ ಕೋಟೆಯಲ್ಲಿದ್ದ ಲಿಯೊನಾರ್ಡೊ ಡಾ ವಿಂಚಿ ರಾಜನ ತೋಳಲ್ಲೇ ಪ್ರಾಣ ಬಿಟ್ಟನಂತೆ, ನಿಜವೇ?

ಉತ್ತರ: ಮತ್ತೆ ಬಂತು! ಹೋದ ಸಲದ ಉತ್ತರದ ಶಾಯಿಯೇ ಇನ್ನೂ ಒಣಗಿಲ್ಲ. ಇರಲಿ.

ಮೊದಲಿಗೆ, ಅವನಿದ್ದದ್ದು ಕೋಟೆಯಲ್ಲಲ್ಲ. ಲ್ವಾರ್ ನದಿಯ ದಂಡೆಯಲ್ಲಿ ಬಂಡೆಯೇರಿ ನಿಂತಿರುವುದು ಅರಸರ ಕೋಟೆ. ಲಿಯೊನಾರ್ಡೊಗೆ ಬಿಟ್ಟುಕೊಟ್ಟದ್ದು ಅಲ್ಲಿಂದ ಅರ್ಧ ಕಿ.ಮೀ. ಆಚೆಯ ಇಟ್ಟಿಗೆ ಮನೆ, ಈಗಿನ ಕ್ಲೋ ಲೂಸೆ. 1516ರಲ್ಲಿ ಬಂದ, 1519ರ ಮೇ 2ರಂದು ಅಲ್ಲೇ ತೀರಿಕೊಂಡ.

ಇನ್ನು ರಾಜ ಒಂದನೇ ಫ್ರಾನ್ಸಿಸ್‌ನ ತೋಳು. ಈ ಕಥೆ ಹೇಳಿದವನು ಇಟಲಿಯ ಚಿತ್ರಕಾರ, ಲೇಖಕ ವಸಾರಿ, 1550ರಲ್ಲಿ ಅಚ್ಚಾದ ಕಲಾವಿದರ ಚರಿತ್ರೆಯಲ್ಲಿ. ಲಿಯೊನಾರ್ಡೊ ಸತ್ತಾಗ ಅವನು ಇಟಲಿಯಲ್ಲಿದ್ದ ಏಳು ವರ್ಷದ ಹುಡುಗ. ಕಥೆಗೆ ರೂಪ ಕೊಟ್ಟವನು ಚಿತ್ರಕಾರ ಏಂಗ್ರ: ಬಿಳಿಗಡ್ಡದ ಮುದುಕ ಹಾಸಿಗೆಯ ಮೇಲೆ, ಅವನನ್ನು ತಬ್ಬಿ ಬಾಗಿದ ಒಂದನೇ ಫ್ರಾನ್ಸಿಸ್. ಬರೆದದ್ದು 1818ರಲ್ಲಿ, ಸಾವಿನ 299 ವರ್ಷಗಳ ನಂತರ. ನಮ್ಮ ಜನ ಅದನ್ನೇ ಫೋಟೋ ಅಂತ ನಂಬಿಬಿಟ್ಟರು.

ಹಾಗಾದರೆ ರಾಜ ಎಲ್ಲಿದ್ದ? ಅವನ ಮಗ, ಮುಂದೆ ಎರಡನೇ ಹೆನ್ರಿಯಾದವನು, ಅದೇ ವರ್ಷದ ಮಾರ್ಚ್ 31ರಂದು ಪ್ಯಾರಿಸ್ ಬಳಿಯ ಸೇಂ ಜರ್ಮೇನಲ್ಲಿ ಹುಟ್ಟಿದ್ದ. ಮೇ 3ರ ರಾಜಾಜ್ಞೆಯೊಂದೂ ಅಲ್ಲಿಂದಲೇ ಹೊರಟಿದೆ. ಅಂಬ್ವಾಜ್‌ಗೂ ಅಲ್ಲಿಗೂ ಹತ್ತಿರ ಹತ್ತಿರ 200 ಕಿ.ಮೀ., ಅದೂ ಕುದುರೆಯ ಮೇಲೆ. ಆಜ್ಞೆಗೆ ಮುದ್ರೆಯೊತ್ತಲು ರಾಜನೇ ಅಲ್ಲಿರಬೇಕೆಂದಿಲ್ಲ ಅಂತ ವಾದಿಸುವವರಿದ್ದಾರೆ. ಸರಿ ಸ್ವಾಮಿ, ಒಪ್ಪೋಣ. ಆದರೆ ಕೊನೆಯವರೆಗೂ ಜೊತೆಗಿದ್ದ ಶಿಷ್ಯ ಮೆಲ್ಜಿ, ಜೂನ್ 1ರಂದು ಲಿಯೊನಾರ್ಡೊನ ತಮ್ಮಂದಿರಿಗೆ ಸಾವಿನ ಸುದ್ದಿ ಬರೆದ ಪತ್ರದಲ್ಲಿ ರಾಜ ಬಂದಿದ್ದ ಮಾತೇ ಇಲ್ಲ. ನಿಮ್ಮ ಮನೆಯ ಹಿರಿಯರು ಮುಖ್ಯಮಂತ್ರಿಯ ತೋಳಲ್ಲಿ ಹೋಗಿದ್ದರೆ ನೀವು ಅದನ್ನು ಬರೆಯದೆ ಬಿಡುತ್ತಿದ್ದಿರಾ?

ಇಷ್ಟು ಕೇಳುವವರು ಅದೇ ಕೋಟೆಯಲ್ಲಿ ಇನ್ನೊಬ್ಬ ರಾಜನ ಹಣೆಗೆ ಬಡಿದ ಗಿಡ್ಡ ಬಾಗಿಲಿನ ಬಗ್ಗೆ ಮಾತ್ರ ಒಬ್ಬರೂ ಕೇಳುವುದಿಲ್ಲ. ಇಟಲಿಯ ಕಲೆಗಾರರನ್ನು ಅಂಬ್ವಾಜ್‌ಗೆ ಮೊದಲು ಕರೆತಂದವನು ಫ್ರಾನ್ಸಿಸ್ ಅಲ್ಲ, ಅವನಿಗಿಂತ ಮುಂಚಿನ ರಾಜ ಎಂಟನೇ ಚಾರ್ಲ್ಸ್. 1495ರಲ್ಲಿ ನೇಪಲ್ಸ್ ದಂಡಯಾತ್ರೆಯಿಂದ ಮರಳುವಾಗ ಕುಶಲಕರ್ಮಿಗಳನ್ನೂ, ಪಾಚೆಲ್ಲೊ ಎಂಬ ತೋಟದ ನಿಪುಣನನ್ನೂ ಹೊರಡಿಸಿಕೊಂಡು ಬಂದ. ಮೂರು ವರ್ಷ ಕಳೆಯಲಿಲ್ಲ. 1498ರ ಏಪ್ರಿಲ್‌ನಲ್ಲಿ ಚೆಂಡಾಟ ನೋಡಲು ಹೊರಟು, ಕಂಡಕಂಡವರು ಉಚ್ಚೆ ಹೊಯ್ಯುತ್ತಿದ್ದ ಹೊಲಸು ಮೊಗಸಾಲೆಯೊಂದನ್ನು ಹೊಕ್ಕ. ಬಾಗಿಲಿಗೆ ಹಣೆ ಬಡಿಯಿತು. ಆಟವನ್ನೇನೋ ನೋಡಿದ. ಆಮೇಲೆ ಕುಸಿದು, ರಾತ್ರಿಯ ಹೊತ್ತಿಗೆ ಹೋದ. ವಯಸ್ಸು 27. ಎತ್ತರದ ಆಳೂ ಅಲ್ಲ, ತೀರ ಕುಳ್ಳ ಅಂತ ಅವನ ಆಸ್ಥಾನದವನೇ ಬರೆದಿಟ್ಟಿದ್ದಾನೆ.