ಮಾಲೀಕರ ವಕೀಲರಿಗೆ ಯಾರ ಒಪ್ಪಿಗೆ ಬೇಕು?

ಮೊದಲ ತಾರೀಖಿನ ದಿನ ಮಾಲೀಕರ ಕಡೆಯ ವಕೀಲರು ವಕಾಲತ್ತು ಹಾಕುತ್ತಾರೆ. ಕೆಲಸ ಕಳೆದುಕೊಂಡವನು ಅಲ್ಲೇ ನಿಂತಿರುತ್ತಾನೆ, ಏನೂ ಅನ್ನುವುದಿಲ್ಲ. ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ಆ ಮೌನಕ್ಕೂ ಕಿಮ್ಮತ್ತಿದೆ: ತಕರಾರು ತೆಗೆಯದಿದ್ದರೆ ಮಾಲೀಕರಿಗೆ ವಕೀಲರಿರಲಿ ಎಂದು ಒಪ್ಪಿದಂತೆ.

ಒಪ್ಪಿಗೆ ಯಾಕೆ? 1947ರ ಕೈಗಾರಿಕಾ ವಿವಾದ ಕಾಯ್ದೆಯನ್ನು 1950ರಲ್ಲಿ ತಿದ್ದಿದವರಿಗೆ ವಕೀಲರ ಮೇಲೆ ಅಷ್ಟೇನೂ ಭರವಸೆ ಇದ್ದಂತಿಲ್ಲ. ರಾಜಿ ಸಂಧಾನದಲ್ಲಿ ಕರಿ ಕೋಟಿಗೆ ಪ್ರವೇಶವೇ ಇಲ್ಲ. ನ್ಯಾಯಾಲಯದ ಬಾಗಿಲಿಗೆ 36ನೇ ಕಲಂ ಎರಡು ಕೀಲಿ ಹಾಕಿತು: ಎದುರಿನವರ ಒಪ್ಪಿಗೆ, ನ್ಯಾಯಾಧೀಶರ ಅನುಮತಿ. 1956ರಲ್ಲಿ ಧಾರವಾಡ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿತು, ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳಗಳಲ್ಲಿ ಕಾರ್ಖಾನೆ ಶೆಡ್‌ಗಳು ಎದ್ದವು. ಕಲಂ ಮಾತ್ರ ಇದ್ದಲ್ಲೇ ಇತ್ತು. ಮಾಲೀಕರ ಸಂಘದ ಪದಾಧಿಕಾರಿಯಾಗಿರುವ ವಕೀಲರು ಆ ಹೆಸರಿನಲ್ಲಿ ಬಂದರೆ ಅಡ್ಡಿಯಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟೇ ಹಿತ್ತಿಲ ಬಾಗಿಲು ತೋರಿಸಿತು.

ಹಾಗಂತ ಕಾರ್ಮಿಕ ತಕರಾರು ತೆಗೆಯುವುದು ಅಪರೂಪ. ಅವನಿಗೂ ವಕೀಲರು ಬೇಕಲ್ಲ!

ಈ ವಕೀಲರ ಕೆಲಸದ ಸ್ವರೂಪ ಬದಲಾದದ್ದು 1965ರಿಂದೀಚೆಗೆ. ಅದುವರೆಗೆ ವಿವಾದವೆಂದರೆ ಯೂನಿಯನ್ನಿನದು. ಆ ವರ್ಷ ಒಬ್ಬನೇ ಕಾರ್ಮಿಕನ ವಜಾ ಕೂಡ ಕೈಗಾರಿಕಾ ವಿವಾದವಾಯಿತು. 1971ರಲ್ಲಿ, ಕೊಟ್ಟ ಶಿಕ್ಷೆ ಹೆಚ್ಚಾಯಿತೆಂದು ಕಡಿಮೆ ಮಾಡುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಸಿಕ್ಕಿತು. ಸರ್ಕಾರ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸಲಿ ಎಂದು ಕಾಯದೇ ಕಾರ್ಮಿಕ ನೇರ ಬರಬಹುದೆಂದು 1988ರಲ್ಲಿ ಕರ್ನಾಟಕ ತಿದ್ದುಪಡಿ ತಂದಿತು. ಗೇಟಿನ ಮುಂದಿನ ಜಗಳ ಫೈಲಿಗೆ ಬಂದು ಕೂತಿತು.

ಫೈಲಿನ ಜೀವ ಇರುವುದು ಇಲಾಖಾ ವಿಚಾರಣೆಯಲ್ಲಿ, ಅಂದರೆ ವಜಾಕ್ಕೆ ಮೊದಲು ಮಾಲೀಕರೇ ನಡೆಸಬೇಕಾದ ವಿಚಾರಣೆಯಲ್ಲಿ. ಸಣ್ಣ ಶೆಡ್ಡಿನ ಮಾಲೀಕರು ವಕೀಲರ ಹತ್ತಿರ ಬರುವುದು ಆಳನ್ನು ತೆಗೆದುಹಾಕಿದ ಮೇಲೆ. ಮೊದಲ ಪ್ರಶ್ನೆ ಒಂದೇ: "ಕಾಗದ ಏನೇನ್ ಕೊಟ್ಟೀರ್ರಿ?" ಆರೋಪ ಪತ್ರ ಇಲ್ಲ, ಸಾಕ್ಷಿಗಳ ಪಾಟಿ ಸವಾಲಿಲ್ಲ, "ನಾಳಿಂದ ಬರಬ್ಯಾಡ ಅಂದೀನ್ರಿ" ಅಷ್ಟೇ. ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂಬುದನ್ನೇ ನ್ಯಾಯಾಲಯ ಮೊದಲು ತೀರ್ಮಾನಿಸಬೇಕೆಂಬುದು 1975ರ ಸುಪ್ರೀಂ ಕೋರ್ಟಿನ ಮಾತು. ಅಲ್ಲಿ ಬಿದ್ದರೆ ಆರೋಪವನ್ನು ನ್ಯಾಯಾಲಯದಲ್ಲೇ ಹೊಸದಾಗಿ ಸಾಬೀತು ಮಾಡಬೇಕು. ಅಷ್ಟರಲ್ಲಿ ಕಣ್ಣಾರೆ ಕಂಡ ಸಾಕ್ಷಿಗಳು ಬೇರೆ ಕಡೆ ಕೆಲಸ ಹಿಡಿದಿರುತ್ತಾರೆ, ಹಾಜರಿ ಪುಸ್ತಕಕ್ಕೆ ಗೆದ್ದಲು ಹಿಡಿದಿರುತ್ತದೆ. ಆಳು ವರ್ಷದಲ್ಲಿ 240 ದಿನ ದುಡಿದಿದ್ದಾನೆಯೇ (ದುಡಿದಿದ್ದರೆ ಕಾಯ್ದೆಯ ರಕ್ಷಣೆ ಉಂಟು) ಎಂಬ ಲೆಕ್ಕಕ್ಕೂ ಬೇಕಾದದ್ದು ಅದೇ ಪುಸ್ತಕ. ಒಳ್ಳೆಯ ವಕೀಲರು ಇಂಥಲ್ಲಿ ರಾಜಿಗೆ ಕೂರಿಸುತ್ತಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ, ತಾರೀಖುಗಳೂ ಒಂದು ತಂತ್ರವೇ.

ಸೋತ ಮಾಲೀಕರು ಮೊದಲು ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತಿದ್ದರು. 2008ರಿಂದ ಧಾರವಾಡದಲ್ಲೇ ಪೀಠವಿದೆ. ಗದಗ, ಹಾವೇರಿಯ ಕಾರ್ಮಿಕನೂ ಬಸ್ ಹತ್ತಿ ಹೋಗಿಬರಬಹುದು. ಮರುನೇಮಕದ ಆದೇಶವನ್ನು ಅಲ್ಲಿ ಪ್ರಶ್ನಿಸಿದರೆ, ಬೇರೆಲ್ಲೂ ದುಡಿಯದ ಕಾರ್ಮಿಕನಿಗೆ ಕೊನೆಯ ಸಂಬಳ ಕೊಡುತ್ತಲೇ ಇರಬೇಕೆಂಬ 17ಬಿ ಕಲಂ 1980ರ ದಶಕದಲ್ಲಿ ಬಂತು. ಎಷ್ಟೋ ಮೇಲ್ಮನವಿಯ ಉತ್ಸಾಹ ಅಲ್ಲೇ ಇಳಿಯುತ್ತದೆ.

1947ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ವಜಾ ಪ್ರಶ್ನಿಸಲು ಇದ್ದ ಮೂರು ವರ್ಷದ ಗಡುವು ಎರಡಕ್ಕಿಳಿದಿದೆ. ಒಪ್ಪಿಗೆಯ ಕಲಂ ಮಾತ್ರ ಹೆಚ್ಚುಕಡಿಮೆ ಹಳೆಯ ಮಾತುಗಳಲ್ಲೇ ಉಳಿದಿದೆ.